ಕಾವು ಕೈಗೆ ಒಗ್ಗಬೇಕು

ಅಕ್ಕಿಆಲೂರಿನ ರೈತ ಕೊಡಲಿಗೆ ಕಾವು ಹಾಕಿಸುವಾಗ ತನ್ನ ತೋಳಿನ ಬಲ ನೋಡುತ್ತಾನೆ, ನೆರೆಯವನದ್ದಲ್ಲ. ಗಾಲ್ಫ್ ಆಟಕ್ಕೂ ಇದೇ ನಿಯಮ.

ಗಾಲ್ಫ್‌ನಲ್ಲಿ ಚೆಂಡನ್ನು ಅತಿ ದೂರ ಹೊಡೆಯುವ ಕೋಲು ‘ಡ್ರೈವರ್’. ಉದ್ದ ಸುಮಾರು 45 ಅಂಗುಲ. ಅದರ ಕಾವು ಮೊದಲು ಹಿಕರಿ ಮರದ್ದಾಗಿತ್ತು. ಬ್ರಿಟನ್ನಿನಲ್ಲಿ 1929ರಲ್ಲಿ ಉಕ್ಕಿಗೆ ಒಪ್ಪಿಗೆ ದೊರೆಯಿತು. ಈಗ ಹಗುರವಾದ ಕಾರ್ಬನ್ ಎಳೆಗಳದ್ದು.

ಬೀಸಿದಾಗ ಈ ಕಾವು ಬಾಗುತ್ತದೆ. ಕೈ ಮುನ್ನುಗ್ಗುತ್ತದೆ, ತುದಿಯ ಭಾರ ಜಡತ್ವದಿಂದ ಹಿಂದುಳಿಯುತ್ತದೆ. ಚೆಂಡಿಗೆ ತಾಗುವ ಹೊತ್ತಿಗೆ ತುದಿ ತುಸು ಮುಂದಕ್ಕೆ ಬಾಗಿರುತ್ತದೆ. ಸಾಮಾನ್ಯವಾಗಿ, ತುದಿಯ ವೇಗ ಗಂಟೆಗೆ 150 ಕಿ.ಮೀ. ದಾಟಿಸಬಲ್ಲವರಿಗೆ ಗಟ್ಟಿ ಕಾವು ಒಪ್ಪುತ್ತದೆ. ಮೆದುವಾದದ್ದು ಹಿಡಿದರೆ ಚೆಂಡು ದಿಕ್ಕು ತಪ್ಪಬಹುದು. ನಿಧಾನವಾಗಿ ಬೀಸುವವರು ಗಟ್ಟಿ ಕಾವು ಹಿಡಿದರೆ ಚೆಂಡು ಸಾಕಷ್ಟು ಮೇಲೇರದೆ ಬೇಗ ನೆಲಕ್ಕಿಳಿಯಬಹುದು. ಆದ್ದರಿಂದ ಮೊದಲು ಬೀಸಿನ ವೇಗ ಅಳೆಯಬೇಕು, ಆಮೇಲೆ ಕಾವು ಆರಿಸಬೇಕು.

ಬೆಂಗಳೂರಿನ ಅದಿತಿ ಅಶೋಕ್ ಡ್ರೈವರ್ ಹೊಡೆತದ ದೂರದಲ್ಲಿ ಹಲವರಿಗಿಂತ ಹಿಂದೆ. ಆದರೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯವರಾದರು. ಬಲ ಕಡಿಮೆಯಿದ್ದರೂ ಲೆಕ್ಕ ಸರಿಯಿದ್ದರೆ ಸಾಧನೆಗೆ ಕೊರತೆಯಿಲ್ಲ.

ಜಾತ್ರೆಯಲ್ಲಿ ಮಗುವಿಗೆ ಕ್ರಿಕೆಟ್ ಬ್ಯಾಟು ಕೊಡಿಸುವ ಪಾಲಕರಿಗೂ ಈ ಮಾತು ಸಲ್ಲುತ್ತದೆ. ‘ಹೆಂಗೂ ಬೆಳೀತಾನ’ ಎಂದು ದೊಡ್ಡವರ ಬ್ಯಾಟು ಕೊಡಿಸಿದರೆ ನೋಯುವುದು ಮಗುವಿನ ಮಣಿಕಟ್ಟು. ಮೊದಲು ಮಗು ಅದನ್ನು ಸಲೀಸಾಗಿ ಬೀಸಲಿ. ದುಡ್ಡು ಆಮೇಲೆ ಕೊಡೋಣ.