ಮರುಭೂಮಿಯ ಊರಿನಲ್ಲಿ ರಾಷ್ಟ್ರೀಯ ಹಬ್ಬ

ಜನವರಿ 26 ಎಂದೊಡನೆ ಭಾರತೀಯನ ಮನಸ್ಸು ಎತ್ತ ಹರಿಯುವುದೆಂಬುದನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಆದರೆ ಅದೇ ದಿನ ಆಸ್ಟ್ರೇಲಿಯಾ ಖಂಡವೂ ತನ್ನ ರಾಷ್ಟ್ರೀಯ ಹಬ್ಬವನ್ನು ಆಚರಿಸುತ್ತದೆಂಬುದು ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಿರಲಾರದು. ತಾರೀಖು ಒಂದೇ, ಅದರ ಹಿಂದಿನ ಕಥೆ ತದ್ವಿರುದ್ಧ. 1788ರಲ್ಲಿ ಆ ದಿನ ಕ್ಯಾಪ್ಟನ್ ಆರ್ಥರ್ ಫಿಲಿಪ್ಪನು, 11 ಹಡಗುಗಳಲ್ಲಿ ಕೈದಿಗಳನ್ನೂ ಸಿಪಾಯಿಗಳನ್ನೂ ಕರೆತಂದು, ಸಿಡ್ನಿಯ ದಡದ ಮೇಲೆ ಬ್ರಿಟಿಷ್ ಬಾವುಟವನ್ನು ಏರಿಸಿದನು. 1930ರಲ್ಲಿ ಅದೇ ದಿನ ನಮ್ಮ ದೇಶದ ಊರೂರಿನಲ್ಲಿಯೂ ಜನರು ಆ ಬಾವುಟದ ಆಳಿಕೆಯನ್ನು ಕೊನೆಗಾಣಿಸುವ ಪ್ರತಿಜ್ಞೆಯನ್ನು ಕೈಕೊಂಡರು.

ಆ ಖಂಡದ ಒಳನಾಡನ್ನು ಅಲ್ಲಿಯ ಜನ ಔಟ್‌ಬ್ಯಾಕ್ ಎಂದು ಕರೆಯುತ್ತಾರೆ. ಅದರ ನಟ್ಟನಡುವೆ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿದೆ. ದಕ್ಷಿಣದ ಅಡಿಲೇಡ್ ಅಲ್ಲಿಂದ 900 ಮೈಲಿಗೂ ಮಿಗಿಲು. ಉತ್ತರದ ಡಾರ್ವಿನ್ನೂ ಹೆಚ್ಚುಕಡಿಮೆ ಅಷ್ಟೇ ದೂರ. 1872ರಲ್ಲಿ ಹಾಕಿದ ತಂತಿಯ ಠಾಣ್ಯದಿಂದ ಹುಟ್ಟಿದ ಊರಿದು. ಅಲ್ಲಿಯ ಟಾಡ್ ನದಿಯಲ್ಲಿ ವರ್ಷದ ಬಹುಭಾಗ ಬರಿಯ ಮರಳು. ಜನವರಿಯೆಂದರೆ ಅವರಿಗೆ ಕಡುಬೇಸಗೆ. ಇಂಥ ಊರುಗಳಲ್ಲಿ ಹಬ್ಬವು ಬೆಳಗಿನ ತಂಪಿನಲ್ಲಿಯೇ ಮೊದಲಾಗುತ್ತದೆ: ಧ್ವಜಾರೋಹಣ, ಬಯಲಿನಲ್ಲಿ ಕಾದ ಕಬ್ಬಿಣದ ಹಂಚಿನ ಮೇಲೆ ಮಾಂಸ ಸುಟ್ಟು ಎಲ್ಲರಿಗೂ ಉಪಾಹಾರ, ಊರಿಗೆ ಉಪಕಾರ ಮಾಡಿದವರಿಗೆ ಸನ್ಮಾನ, ಹುಡುಗರ ಆಟೋಟ, ಹೊಸದಾಗಿ ಬಂದವರಿಗೆ ಪೌರತ್ವದ ಪ್ರಮಾಣವಚನ. ನೆರೆಹೊರೆಯೇ ಹತ್ತಾರು ಮೈಲಿ ದೂರವಿರುವ ಜನರು ವರ್ಷಕ್ಕೊಮ್ಮೆ ಹೀಗೆ ಕೂಡಿ ಉಂಡು ನಲಿಯುವುದನ್ನು ಹೀಗಳೆಯುವ ಮನಸ್ಸು ನಮಗಿಲ್ಲ. ನಮ್ಮೂರ ಜಾತ್ರೆಗಳಲ್ಲಿ ದೇವರ ದರ್ಶನಕ್ಕಿಂತ ನಂಟರ ದರ್ಶನಕ್ಕೆ ಬರುವವರೇ ಹೆಚ್ಚಲ್ಲವೆ?

ಆದರೆ ಮೆನಿಂಡಿ ಎಂಬ ಇನ್ನೊಂದು ಊರಿನ ವೃತ್ತಾಂತವನ್ನು ಕೇಳಿದ ಮೇಲೆ ಈ ನಲಿವು ಅಷ್ಟು ಸರಳವಾಗಿ ಉಳಿಯುವುದಿಲ್ಲ. ಡಾರ್ಲಿಂಗ್ ನದಿಯ ದಂಡೆಯ ಮೇಲೆ, ಸಿಡ್ನಿಯಿಂದ ಬಹುದೂರ ಪಶ್ಚಿಮಕ್ಕಿರುವ ಸಣ್ಣ ಊರು ಅದು. 1938ರಲ್ಲಿ ಫಿಲಿಪ್ಪನ ಆಗಮನಕ್ಕೆ 150 ವರ್ಷ ತುಂಬಿತು. ಆ ದೃಶ್ಯವನ್ನು ಸಿಡ್ನಿಯಲ್ಲಿ ನಾಟಕದಂತೆ ಆಡಿ ತೋರಿಸಬೇಕೆಂದು ಸರಕಾರದವರು ಬಯಸಿದರು. ಸಿಡ್ನಿಯ ಮೂಲನಿವಾಸಿಗಳು ತಾವು ಅದರಲ್ಲಿ ಪಾತ್ರ ವಹಿಸುವುದಿಲ್ಲವೆಂದರು. ಆಗ ಮೆನಿಂಡಿಯ ಮೂಲನಿವಾಸಿಗಳನ್ನು ಕರೆತಂದು, ಪೋಲೀಸರ ಕುದುರೆಲಾಯದಲ್ಲಿ ಕೂಡಿಹಾಕಿ, ಹಬ್ಬದ ದಿನ ಹೊರಗೆ ತಂದರು. ಅವರಿಗೆ ಕೊಟ್ಟ ಪಾತ್ರವಾದರೂ ಏನು? ಬಿಳಿಯರು ದಡಕ್ಕೆ ಇಳಿಯುತ್ತಲೆ ಹೆದರಿ ಓಡಿಹೋಗುವುದು! ತಮ್ಮ ನಾಡು ಕೈಬಿಟ್ಟುಹೋದ ದೃಶ್ಯವನ್ನು ತಾವೇ ಅಭಿನಯಿಸಿ ತೋರಿಸುವ ದೌರ್ಭಾಗ್ಯವು ಶತ್ರುವಿಗೂ ಬೇಡ.

ಅದೇ ದಿನ, ಅದೇ ಸಿಡ್ನಿಯ ಒಂದು ಸಭಾಗೃಹದಲ್ಲಿ ಸುಮಾರು ನೂರು ಮೂಲನಿವಾಸಿಗಳು ನೆರೆದು ಶೋಕದಿನವನ್ನು ಆಚರಿಸಿದರು. ವಿಲಿಯಂ ಕೂಪರ್, ವಿಲಿಯಂ ಫರ್ಗುಸನ್, ಜ್ಯಾಕ್ ಪ್ಯಾಟನ್ ಇವರು ಅದರ ಮುಖಂಡರು. ಅವರು ಬೇಡಿದ್ದು ಸಂಪೂರ್ಣ ಪೌರತ್ವ ಮತ್ತು ಸಮಾನತೆ; ಅದಕ್ಕಿಂತ ಹೆಚ್ಚೇನೂ ಅಲ್ಲ.

ಇವೆಲ್ಲ ಹಳೆಯ ಮಾತು, ಈಗೇಕೆ ಕೆದಕಬೇಕು ಎನ್ನುವವರುಂಟು. ಹಳೆಯದೆಷ್ಟು ಎಂದು ನೋಡೋಣ. ದೇಶದ ಜನಸಂಖ್ಯೆಯನ್ನು ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಎಣಿಸತಕ್ಕದ್ದಲ್ಲವೆಂಬ ವಿಧಿಯು ಆ ದೇಶದ ಸಂವಿಧಾನದಿಂದ ತೆಗೆಯಲ್ಪಟ್ಟದ್ದು 1967ರಲ್ಲಿ. ಬ್ರಿಟಿಷರು ಬರುವ ಮೊದಲೇ ಆ ಭೂಮಿಯಲ್ಲಿ ಅವರಿಗೆ ಹಕ್ಕಿತ್ತೆಂದು ಅಲ್ಲಿಯ ಉಚ್ಚ ನ್ಯಾಯಾಲಯವು ಮಾಬೊ ಮೊಕದ್ದಮೆಯಲ್ಲಿ ಒಪ್ಪಿದ್ದು 1992ರಲ್ಲಿ. ಆಲಿಸ್ ಸ್ಪ್ರಿಂಗ್ಸಿನ ಕೆಲವು ಜಮೀನುಗಳಲ್ಲಿ ಅರೆಂಟೆ ಜನರ ಹಕ್ಕು ಉಳಿದುಕೊಂಡಿದೆಯೆಂದು ತೀರ್ಪಾದದ್ದು 1999ರಲ್ಲಿ. ಮೆನಿಂಡಿಯ ಸೀಮೆಯ ಬಾರ್ಕಂಜಿ ಜನರಂತೂ 2015ರ ವರೆಗೆ ಕಾಯಬೇಕಾಯಿತು. ಹಕ್ಕಿನ ವ್ಯಾಜ್ಯವು ಜೀವಂತವಿರುವಾಗ ಅದರ ಮೂಲಘಟನೆಯನ್ನು ಮಾತ್ರ ಹಳೆಯದೆನ್ನುವುದು ನ್ಯಾಯವೆ? ಮೂಲನಿವಾಸಿಗಳ ಕಪ್ಪು-ಕೆಂಪು-ಹಳದಿಯ ಧ್ವಜವನ್ನು 1971ರಲ್ಲಿ ರಚಿಸಿದ ಹೆರಾಲ್ಡ್ ಥಾಮಸ್ ಹುಟ್ಟಿದ್ದು ಇದೇ ಆಲಿಸ್ ಸ್ಪ್ರಿಂಗ್ಸಿನಲ್ಲಿ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ತಾರೀಖನ್ನು ಬದಲಿಸಿದರೆ ದೇಶದ ಮಾನ ಹೋಗುವುದೆಂಬ ವಾದವೂ ನಮಗೆ ಗಟ್ಟಿಯಾಗಿ ತೋರುವುದಿಲ್ಲ. ಆಸ್ಟ್ರೇಲಿಯಾದ ಪ್ರಾಂತಗಳು ಒಂದುಗೂಡಿ ಒಂದು ರಾಷ್ಟ್ರವಾದದ್ದು 1901ರ ಜನವರಿ 1ರಂದು. ಎಲ್ಲ ಪ್ರಾಂತಗಳೂ 26ನೆಯ ತಾರೀಖಿನಂದೇ ರಜೆ ಕೊಡುವ ಪದ್ಧತಿಯು 1994ರಿಂದ ಬಂದದ್ದು. ತಾರೀಖೆಂಬುದು ಆಕಾಶದಿಂದ ಉದುರುವುದಿಲ್ಲ, ಜನರು ಆರಿಸಿಕೊಳ್ಳುವಂಥದು. ನಮ್ಮ ಸಂವಿಧಾನವು 1949ರ ನವೆಂಬರ್ 26ರಂದೇ ಅಂಗೀಕೃತವಾಗಿದ್ದರೂ, 1930ರ ಪ್ರತಿಜ್ಞೆಯ ನೆನಪಿಗಾಗಿ ಎರಡು ತಿಂಗಳು ಕಾದು 1950ರ ಜನವರಿ 26ರಂದು ಪೂರ್ಣವಾಗಿ ಜಾರಿಗೆ ಬಂದಿತು.

ಇದರಲ್ಲಿ ಕನ್ನಡಿಗರಿಗೇನು ಸಂಬಂಧವೆಂದು ಕೇಳಬಹುದು. ಆಸ್ಟ್ರೇಲಿಯಾದ ಪೌರತ್ವವೆಂಬುದು ಕಾಯಿದೆಯಾಗಿ ಜಾರಿಗೆ ಬಂದದ್ದೂ 1949ರ ಜನವರಿ 26ರಂದೇ. ಈಗ ಆ ಪೌರತ್ವವನ್ನು ಪಡೆಯುವವರಲ್ಲಿ ಭಾರತೀಯರ ಸಂಖ್ಯೆ ದೊಡ್ಡದು, ಅವರಲ್ಲಿ ಕನ್ನಡಿಗರೂ ಇದ್ದಾರೆ. ನಮ್ಮ ಕಾಯಿದೆಯಂತೆ ಪರದೇಶದ ಪೌರತ್ವವನ್ನು ಸ್ವೀಕರಿಸಿದವನ ಭಾರತೀಯ ಪೌರತ್ವವು ಅಲ್ಲಿಗೇ ಮುಗಿಯುತ್ತದೆ. ಹೀಗಾಗಿ ಗಣರಾಜ್ಯದ ದಿನದಂದೇ ಗಣರಾಜ್ಯದ ಪೌರತ್ವವನ್ನು ಕಳಚಿಟ್ಟು, ಮೂಲನಿವಾಸಿಯ ಶೋಕದ ದಿನದಂದೇ ಅವನ ನೆಲದಲ್ಲಿ ಹೊಸ ಪ್ರಮಾಣವನ್ನು ಸ್ವೀಕರಿಸುವ ವಿಚಿತ್ರ ಸನ್ನಿವೇಶವು ನಮ್ಮವರ ಪಾಲಿಗೆ ಬರುತ್ತದೆ. ಹೊಟ್ಟೆಪಾಡಿಗಾಗಿ ಹೋಗಿ ನೆಲೆಸಿದವರನ್ನು ನಾವು ದೂರುವುದಿಲ್ಲ. ಆದರೆ 26ರ ಹಿಂದುಮುಂದಿನ ಮೂರು ದಿನಗಳೊಳಗೆ ಯಾವಾಗ ಬೇಕಾದರೂ ಈ ಸಮಾರಂಭವನ್ನು ನಡೆಸಬಹುದೆಂದು ಅಲ್ಲಿಯ ಸರಕಾರವು 2022ರಲ್ಲಿ ಊರ ಪೌರಸಭೆಗಳಿಗೆ ಸ್ವಾತಂತ್ರ್ಯ ಕೊಟ್ಟಿತು. ತಮ್ಮ ಊರಿನ ಸಭೆಯು ಆ ಸ್ವಾತಂತ್ರ್ಯವನ್ನು ಬಳಸಬೇಕೆಂದು, ಪ್ರಮಾಣಕ್ಕೆ ನಿಲ್ಲುವ ಮೊದಲೇ, ಅಲ್ಲಿಯ ಕನ್ನಡಿಗರು ಒಂದು ಅರ್ಜಿಯನ್ನಾದರೂ ಬರೆದುಕೊಳ್ಳಲಿ.