ಪೆರಿಯದ 80 ಸ್ಥಾನಗಳೂ ಆರನೆಯ ದಿನದ ಎಣಿಕೆಯೂ

ನಾಲ್ಕನೆಯ ತರಗತಿಯ ಮಕ್ಕಳ ಹೆತ್ತವರು ಹೈಸ್ಕೂಲಿನ ಅಧ್ಯಾಪಕರನ್ನು ಹುಡುಕಿಕೊಂಡು ಬರುವ ಪದ್ಧತಿ ಮೊದಲು ಇರಲಿಲ್ಲ. ಈಗ ಬರುತ್ತಾರೆ. ಕಳೆದ ವರ್ಷ ಉಪ್ಪಳ ಪೇಟೆಯಲ್ಲಿ ರಿಕ್ಷಾ ಓಡಿಸುವ ಒಬ್ಬರು ಸಂಜೆ ಹೊತ್ತಿಗೆ ನಮ್ಮನ್ನು ತಡೆದು ನಿಲ್ಲಿಸಿ ಕೇಳಿದರು: "ಮಾಷ್ಟ್ರೇ, ಮಗಳನ್ನು ನವೋದಯಕ್ಕೆ ಬರೆಸಬೇಕೆಂದಿದ್ದೇನೆ. ಕನ್ನಡದಲ್ಲಿದ್ದರೆ ಆಗಲಿಕ್ಕಿಲ್ಲವಂತೆ. ಐದಕ್ಕೆ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದರೆ ಸಾಕೋ, ಈಗಲೇ ತೆಗೆಯಬೇಕಿತ್ತೋ?"

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ನಮ್ಮ ಕಡೆಯ ಮಕ್ಕಳಿಗೆ ಇದು ಹೊಸತಲ್ಲ. ಆ ಹುಡುಗಿ ಲೆಕ್ಕದಲ್ಲಿ ಚುರುಕು ಎಂದು ಅವಳ ಟೀಚರು ಹೇಳಿದ್ದರಂತೆ. ಅಷ್ಟೇ ಸಾಕಾಯಿತು, ಮನೆಯಲ್ಲಿ ಚರ್ಚೆ ಆರಂಭವಾಯಿತು. ಕನ್ನಡದಲ್ಲಿದ್ದರೆ ಆಗಲಿಕ್ಕಿಲ್ಲವೆಂದು ಹೇಳಿದವರು ಯಾರೆಂದು ನಾವು ಕೇಳಿದೆವು. ಎಲ್ಲರೂ ಹೇಳುತ್ತಾರೆ ಎಂಬ ಉತ್ತರ ಬಂತು. ಈ 'ಎಲ್ಲರೂ' ಎಂಬ ಮಹಾಶಯರನ್ನು ಒಮ್ಮೆ ಭೇಟಿಯಾಗಬೇಕೆಂದು ನಮಗೆ ಬಹುಕಾಲದ ಆಸೆಯಿದೆ.

ನವೋದಯ ವಿದ್ಯಾಲಯವೆಂದರೇನು ಎಂಬುದನ್ನು ಮೊದಲು ನೋಡೋಣ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗೊಂದರಂತೆ ಕೇಂದ್ರ ಸರಕಾರ ನಡೆಸಿಕೊಂಡು ಬಂದಿರುವ ವಸತಿ ಶಾಲೆಗಳಿವು. ಹಳ್ಳಿಯ ಬುದ್ಧಿವಂತ ಮಗು ಹಣವಿಲ್ಲವೆಂಬ ಕಾರಣಕ್ಕೆ ಹಿಂದುಳಿಯಬಾರದೆಂಬುದು ಉದ್ದೇಶ. ಊಟ, ವಸತಿ, ಪುಸ್ತಕ, ಉಡುಪು ಎಲ್ಲವೂ ಉಚಿತ. ಒಂಬತ್ತನೆಯ ತರಗತಿಯಿಂದ ಮಾತ್ರ ಕೆಲವರು ಸ್ವಲ್ಪ ಶುಲ್ಕ ಕೊಡಬೇಕು. ಅದರಲ್ಲೂ ಹುಡುಗಿಯರಿಗೆ, ಪರಿಶಿಷ್ಟರಿಗೆ, ಬಡತನದ ರೇಖೆಯ ಕೆಳಗಿನವರಿಗೆ ವಿನಾಯಿತಿ. ನಮ್ಮ ಜಿಲ್ಲೆಯ ನವೋದಯ ಇರುವುದು ಪೆರಿಯದಲ್ಲಿ, ಕಾಸರಗೋಡು, ಚಟ್ಟಂಚಾಲು, ಪೊಯಿನಾಚಿ ದಾಟಿ. ಆರನೆಯ ತರಗತಿಗೆ ವರ್ಷಕ್ಕೆ 80 ಮಕ್ಕಳು. ಅದರಲ್ಲಿ ಕಡಿಮೆಯೆಂದರೂ ಶೇಕಡಾ 75 ಸ್ಥಾನ ಗ್ರಾಮೀಣ ಮಕ್ಕಳಿಗೆ, ಮೂರರಲ್ಲೊಂದು ಪಾಲು ಹುಡುಗಿಯರಿಗೆ. ತಲಪಾಡಿಯಿಂದ ತೃಕ್ಕರಿಪುರದ ತನಕ ಇಡೀ ಜಿಲ್ಲೆಗೆ ಇಷ್ಟೇ. ಒಂದು ಮಗು ಬರೆಯುವ ಅವಕಾಶವೂ ಒಂದೇ ಬಾರಿ. ಈ ವರ್ಷ ತಪ್ಪಿದರೆ ಮರುವರ್ಷ ಮತ್ತೆ ಆರನೆಯ ತರಗತಿಗೆ ಬರೆಯುವಂತಿಲ್ಲ.

ಸ್ಪರ್ಧೆ ಬಿಗಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಕನ್ನಡ ಮಗುವಿಗೆ ಹೆಚ್ಚು ಬಿಗಿಯೇ? ಪ್ರಶ್ನೆಪತ್ರಿಕೆಯನ್ನು ತೆರೆದು ನೋಡಿದವರು ಹಾಗೆನ್ನಲಾರರು. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಇದರಲ್ಲಿ ಅರ್ಧ, ಎಂದರೆ 50 ಅಂಕ, ಮಾನಸಿಕ ಸಾಮರ್ಥ್ಯಕ್ಕೆ. ಅಲ್ಲಿರುವುದು ಬರೇ ಚಿತ್ರಗಳು. ನಾಲ್ಕು ಚಿತ್ರಗಳಲ್ಲಿ ಬೇರೆಯಾಗಿರುವುದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಚಿದ ಕಾಗದ ಬಿಚ್ಚಿದರೆ ತೂತು ಎಲ್ಲಿ ಬರುತ್ತದೆ ಎಂಬಂಥವು. ಚಿತ್ರಕ್ಕೆ ಇಂಗ್ಲಿಷೂ ಇಲ್ಲ, ಮಲಯಾಳವೂ ಇಲ್ಲ. ಇನ್ನು 25 ಅಂಕ ಗಣಿತಕ್ಕೆ. ಉಳಿದ 25 ಭಾಷೆಗೆ, ಗದ್ಯಭಾಗ ಓದಿ ಅರ್ಥಮಾಡಿಕೊಂಡು ಉತ್ತರಿಸುವುದು. ಈ ಪರೀಕ್ಷೆ ಬರೆಯಬಹುದಾದ ಭಾಷೆಗಳಲ್ಲಿ ಕನ್ನಡವೂ ಒಂದು. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಕ್ರಮವೂ ಇಲ್ಲ.

ಹೀಗಿರುವಾಗ, ನಾಲ್ಕು ವರ್ಷ ಕನ್ನಡದಲ್ಲಿ ಓದಿ, ಕನ್ನಡದಲ್ಲಿ ಕೂಡಿಸಿ ಕಳೆದು, ಕನ್ನಡದಲ್ಲಿ ಯೋಚಿಸುವ ಮಗುವನ್ನು ಪರೀಕ್ಷೆಗೆ ಕೆಲವು ತಿಂಗಳಿರುವಾಗ ಆಂಗ್ಲ ಮಾಧ್ಯಮಕ್ಕೆ ಎತ್ತಿಹಾಕುವುದು ಯಾವ ಲೆಕ್ಕ? ಭಾಗಾಕಾರ ಗೊತ್ತಿದ್ದ ಮಗುವಿಗೆ ಈಗ ಭಾಗಾಕಾರದ ಹೆಸರೇ ಗೊತ್ತಿಲ್ಲದಂತಾಗುತ್ತದೆ. ನಾವು ಟಿ.ಸಿ.ಎಚ್. ಓದುತ್ತಿದ್ದಾಗ ಮೊದಲು ಹೇಳಿಕೊಟ್ಟ ಸೂತ್ರ ತಿಳಿದುದರಿಂದ ತಿಳಿಯದುದರ ಕಡೆಗೆ ಎಂಬುದು. ಇಲ್ಲಿ ಹೆತ್ತವರು ದುಡ್ಡು ಕೊಟ್ಟು ತಿಳಿದುದನ್ನು ತಿಳಿಯದಂತೆ ಮಾಡುತ್ತಿದ್ದಾರೆ. ಎಚ್ಚರ ವಹಿಸಬೇಕಾದುದು ಬೇರೆ ಕಡೆ. ಅರ್ಜಿಯನ್ನು ಅಕ್ಷಯ ಕೇಂದ್ರದಲ್ಲಿ ತುಂಬಿಸುವಾಗ ಪರೀಕ್ಷೆಯ ಭಾಷೆ ಯಾವುದೆಂಬ ಅಂಕಣವನ್ನು ಕಣ್ಣಾರೆ ನೋಡಬೇಕು. ಅಲ್ಲಿ ಬೇರೆ ಭಾಷೆ ಬಿದ್ದರೆ ಪರೀಕ್ಷೆಯ ದಿನ ಕೈಗೆ ಬರುವುದು ಆ ಭಾಷೆಯ ಪ್ರಶ್ನೆಪತ್ರಿಕೆ. ಹತ್ತು ವರ್ಷದ ಮಗು ಆಗ ಯಾರಲ್ಲಿ ದೂರಬೇಕು?

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಉಪ್ಪಳದಿಂದ ಪೆರಿಯಕ್ಕಿಂತ ಹತ್ತಿರ ಇನ್ನೊಂದು ನವೋದಯವಿದೆ. ವರ್ಕಾಡಿ ದಾಟಿದರೆ ಮುಡಿಪು, ದಕ್ಷಿಣ ಕನ್ನಡ ಜಿಲ್ಲೆಯ ನವೋದಯ ಇರುವುದು ಅಲ್ಲಿ. ಅಲ್ಲಿನ ಪ್ರಾದೇಶಿಕ ಭಾಷೆ ಕನ್ನಡ. ಆದರೆ ಮಗು ಯಾವ ಜಿಲ್ಲೆಯಲ್ಲಿ ವಾಸವಿದ್ದು ಐದನೆಯ ತರಗತಿ ಓದುತ್ತದೋ ಆ ಜಿಲ್ಲೆಯ ನವೋದಯಕ್ಕೆ ಮಾತ್ರ ಅರ್ಜಿ ಹಾಕಬಹುದು. ಆದುದರಿಂದ ನಮ್ಮ ಮಕ್ಕಳ ಪಾಲಿಗೆ ಪೆರಿಯವೇ ಸರಿ. ಕೇರಳದ ನವೋದಯದಲ್ಲಿ ಪ್ರಾದೇಶಿಕ ಭಾಷೆ ಮಲಯಾಳ. ಎಂಟನೆಯ ತರಗತಿಯ ಹೊತ್ತಿಗೆ ಗಣಿತ, ವಿಜ್ಞಾನಗಳು ಇಂಗ್ಲಿಷಿಗೆ ತಿರುಗುತ್ತವೆ. ಒಂಬತ್ತರಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷಕ್ಕೆ ಹಿಂದಿ ಪ್ರದೇಶದ ನವೋದಯಕ್ಕೆ ಕಳುಹಿಸುವ ಕ್ರಮವೂ ಯೋಜನೆಯಲ್ಲಿದೆ. ಇದೆಲ್ಲ ಕೆಟ್ಟದ್ದೆಂದು ನಮ್ಮ ವಾದವಲ್ಲ. ಒಗ್ಗಿಕೊಳ್ಳುವ ಮಕ್ಕಳಿದ್ದಾರೆ, ಅಲ್ಲಿಂದ ಓದಿ ಮುಂದೆ ಬಂದವರೂ ಇದ್ದಾರೆ. ಆದರೆ ಹತ್ತರ ಹರೆಯದಲ್ಲಿ ಮನೆ ಬಿಡುವ ಮಗುವಿಗೆ ಅಲ್ಲಿ ಕನ್ನಡ ಓದಲು ಬರೆಯಲು ಎಷ್ಟು ಅವಕಾಶ ಉಳಿಯುತ್ತದೆಂದು ಶಾಲೆಯವರಲ್ಲೇ ವಿಚಾರಿಸಿ, ಮಗುವನ್ನೂ ಕೇಳಿ, ಆ ಮೇಲೆ ಅರ್ಜಿ ಹಾಕುವುದು ಲೇಸು. ಮಗುವನ್ನು ಕೇಳುವ ಪದ್ಧತಿ ನಮ್ಮ ಮನೆಗಳಲ್ಲಿ ಕಡಿಮೆ.

ಇಷ್ಟರ ತನಕ ಒಂದು ಮನೆಯ ಲೆಕ್ಕವಾಯಿತು. ಊರಿನ ಲೆಕ್ಕ ಬೇರೆಯಿದೆ. ನವೋದಯದ ಹೆಸರಿನಲ್ಲಿ ಕನ್ನಡ ತರಗತಿ ಬಿಟ್ಟ ಮಕ್ಕಳಲ್ಲಿ ಪೆರಿಯ ಸೇರುವವರು ಬೆರಳೆಣಿಕೆಯವರು. ಸಿಗದವರು ಕನ್ನಡಕ್ಕೆ ಮರಳುತ್ತಾರೆಯೆ? ಇಲ್ಲ. ಒಮ್ಮೆ ಬಿಟ್ಟವರು ಬಿಟ್ಟಂತೆಯೇ. ಕೇರಳದಲ್ಲಿ ಜೂನ್ ತಿಂಗಳಲ್ಲಿ ಶಾಲೆ ತೆರೆದು ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಎಣಿಕೆಯ ಮೇಲೆ ಎಷ್ಟು ಡಿವಿಜನ್, ಎಷ್ಟು ಅಧ್ಯಾಪಕ ಹುದ್ದೆ ಎಂಬುದು ನಿಶ್ಚಯವಾಗುತ್ತದೆ. ಒಂದೇ ಕಟ್ಟಡದೊಳಗೆ ಒಂದು ಮಗು ಕನ್ನಡದ ಕೋಣೆಯಿಂದ ಎದ್ದು ಇಂಗ್ಲಿಷಿನ ಕೋಣೆಗೆ ಹೋಗಿ ಕುಳಿತರೆ ಶಾಲೆಗೆ ನಷ್ಟವಿಲ್ಲ, ಕನ್ನಡ ವಿಭಾಗಕ್ಕೆ ಇದೆ. ಹುದ್ದೆ ಹೋದರೆ ತರಗತಿಗಳನ್ನು ಕೂಡಿಸುತ್ತಾರೆ. ಕೂಡಿಸಿದ ತರಗತಿಯನ್ನು ನೋಡಿ ಉಳಿದ ಹೆತ್ತವರೂ ಮಕ್ಕಳನ್ನು ತೆಗೆಯುತ್ತಾರೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದಾಗಲೆಲ್ಲ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಮಕ್ಕಳೂ ರಕ್ಷಕರೂ ಬೀದಿಗಿಳಿದದ್ದುಂಟು. ಆ ಹೋರಾಟ ನ್ಯಾಯವಾದದ್ದು. ಆದರೆ ಹುದ್ದೆಯೇ ಇಲ್ಲವಾದ ಮೇಲೆ ಯಾರ ನೇಮಕದ ವಿರುದ್ಧ ಹೋರಾಡುವುದು? ನಾವು ಕನ್ನಡ ವಿಭಾಗದ ಅನ್ನ ಉಣ್ಣುವವರು, ಆದುದರಿಂದ ಹೀಗೆ ಹೇಳುತ್ತಾರೆಂದು ಓದುಗರು ಅಂದುಕೊಳ್ಳಬಹುದು. ಅದನ್ನು ಅಲ್ಲಗಳೆಯುವುದಿಲ್ಲ. ಅನ್ನದ ಋಣವಿರುವವರಿಗೇ ಈ ಎಣಿಕೆಯ ದಿನದ ಹೆದರಿಕೆ ಗೊತ್ತು.

ಪೆರಿಯಕ್ಕೆ ಹೋದವರು ಹೋದರು. ಉಳಿದವರು, ಎಂದರೆ ನಮ್ಮ ಮಕ್ಕಳಲ್ಲಿ ಬಹುಪಾಲು, ಐದು ವರ್ಷದ ಅನಂತರ ಇನ್ನೊಂದು ಬಾಗಿಲಿನ ಮುಂದೆ ನಿಲ್ಲುತ್ತಾರೆ. ಅದು ಪ್ಲಸ್ ವನ್. ನಮ್ಮ ದೃಷ್ಟಿಯಲ್ಲಿ ನಿಜವಾದ ಸ್ಪರ್ಧೆ ಅಲ್ಲಿದೆ, ಅದರ ಬಗ್ಗೆ ಹೆತ್ತವರು ಚಿಂತಿಸುವುದು ಮಾತ್ರ ಮೇ ತಿಂಗಳಲ್ಲಿ.

ಒಂದು ಕಾಲದಲ್ಲಿ ಎಸ್.ಎಸ್.ಎಲ್.ಸಿ. ಪಾಸಾಗುವುದೇ ದೊಡ್ಡ ಗಂಡಾಂತರವಾಗಿತ್ತು. 2024ರಲ್ಲಿ ಕೇರಳದ ಫಲಿತಾಂಶ ಶೇಕಡಾ 99.69. ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಪಡೆದವರು 71,831 ಮಂದಿ. 2025ರಲ್ಲಿ ಶೇಕಡಾ 99.5, ಪೂರ್ಣ ಎ ಪ್ಲಸ್ 61,449. ಎಲ್ಲರೂ ಪಾಸಾಗುವುದು ಸಂತೋಷದ ವಿಷಯವೇ. ಆದರೆ ಜರಡಿ ಮಾಯವಾಗಲಿಲ್ಲ, ಹತ್ತನೆಯ ತರಗತಿಯಿಂದ ಹನ್ನೊಂದರ ಬಾಗಿಲಿಗೆ ಜರಗಿತು ಅಷ್ಟೆ. ಪೂರ್ಣ ಎ ಪ್ಲಸ್ ಬಂದ ಮಗುವಿಗೂ ಹತ್ತಿರದ ಶಾಲೆಯಲ್ಲಿ ಬೇಕಾದ ವಿಭಾಗ ಸಿಗುತ್ತದೆಂಬ ಭರವಸೆಯಿಲ್ಲ.

ಮಲಬಾರಿನ ಜಿಲ್ಲೆಗಳಲ್ಲಿ ಸೀಟು ಸಾಲದೆಂಬ ಕೂಗು ಹಳೆಯದು. 50 ಮಕ್ಕಳ ಬ್ಯಾಚಿಗೆ ಶೇಕಡಾ 30 ಹೆಚ್ಚಿಸಿ 65 ಮಕ್ಕಳನ್ನು ಕೂರಿಸುವುದು ಸರಕಾರ ಕಂಡುಕೊಂಡ ಸುಲಭದ ದಾರಿ. ಬೆಂಚು ಹೆಚ್ಚುವುದಿಲ್ಲ, ಮಕ್ಕಳು ಒತ್ತಿ ಕೂರುತ್ತಾರೆ. 2024ರಲ್ಲಿ ಗದ್ದಲ ಜೋರಾದಾಗ, ಜೂನಿನಲ್ಲಿ ತರಗತಿ ಆರಂಭವಾದ ಮೇಲೆ, ಜುಲೈಯಲ್ಲಿ 138 ತಾತ್ಕಾಲಿಕ ಬ್ಯಾಚುಗಳನ್ನು ಮಂಜೂರು ಮಾಡಲಾಯಿತು. 120 ಮಲಪ್ಪುರಕ್ಕೆ, 18 ಕಾಸರಗೋಡು ಜಿಲ್ಲೆಗೆ. ನಮ್ಮ 18ರಲ್ಲಿ ಕಾಮರ್ಸ್ 13, ಹ್ಯುಮಾನಿಟೀಸ್ 4, ಸಯನ್ಸ್ ಒಂದೇ ಒಂದು. ಮಗಳನ್ನು ನರ್ಸ್ ಮಾಡಬೇಕು, ಮಗನನ್ನು ಇಂಜಿನಿಯರ್ ಮಾಡಬೇಕೆಂದು ಹತ್ತು ವರ್ಷ ಕಾದ ಮನೆಗಳಿಗೆ ಇದರಿಂದ ಸಿಕ್ಕಿದ್ದೇನು?

ಇನ್ನು ಪ್ರವೇಶದ ಕ್ರಮ. ಏಕಗವಾಕ್ಷಿ, ಮಲಯಾಳದಲ್ಲಿ 'ಏಕಜಾಲಕಂ' ಎನ್ನುತ್ತಾರೆ. ಹಿಂದಿನ ಹಾಗೆ ಶಾಲೆ ಶಾಲೆ ಅಲೆದು ಶಿಫಾರಸು ಹಿಡಿಯುವ ಅಗತ್ಯವನ್ನು ಇದು ತಪ್ಪಿಸಿದೆಯೆಂಬುದನ್ನು ಒಪ್ಪಬೇಕು. ಆದರೆ ಗೆಲ್ಲುವುದು ಸೋಲುವುದು ಅರ್ಜಿಯಲ್ಲಿ ಬರೆದ ಆಯ್ಕೆಗಳ ಕ್ರಮದ ಮೇಲೆ. ಮೊದಲ ಆಯ್ಕೆಯೇ ಸಿಕ್ಕಿದರೆ ಖಾಯಂ ಆಗಿ ಸೇರಲೇಬೇಕು. ಕೆಳಗಿನ ಆಯ್ಕೆ ಸಿಕ್ಕಿದರೆ ತಾತ್ಕಾಲಿಕವಾಗಿ ಸೇರಿ ಮೇಲಿನದಕ್ಕೆ ಕಾಯಬಹುದು. ಸಿಕ್ಕಿದ ಕಡೆ ಹೋಗಿ ಸೇರದೆ ಕುಳಿತರೆ ಮುಂದಿನ ಅಲೋಟ್‌ಮೆಂಟಿನಿಂದ ಹೊರಗೆ. ಮುಖ್ಯ ಅಲೋಟ್‌ಮೆಂಟುಗಳಲ್ಲಿ ಸಿಗದವರು ಸಪ್ಲಿಮೆಂಟರಿಗೆ ಅರ್ಜಿಯನ್ನು ನವೀಕರಿಸಲೇಬೇಕು. ತಾನು ಓದಿದ ಶಾಲೆ, ತನ್ನ ಪಂಚಾಯತು, ತನ್ನ ತಾಲೂಕು ಎಂಬುದಕ್ಕೆ ಬೋನಸ್ ಅಂಕವೂ ಇದೆ. ಈ ನಿಯಮಗಳಲ್ಲಿ ಯಾವುದೂ ಕಷ್ಟದ್ದಲ್ಲ. ಆದರೆ ಕನ್ನಡ ಬಿಟ್ಟು ಬೇರೆ ಓದಲಾರದ ತಾಯಿಗೆ ಅವು ತಲಪುವುದು ಬಾಯಿಯಿಂದ ಬಾಯಿಗೆ, ಅರ್ಧಂಬರ್ಧವಾಗಿ, ಒಂದು ದಿನ ತಡವಾಗಿ.

ನಮ್ಮ ತರಗತಿಯ ಒಬ್ಬ ಹುಡುಗನ ಮನೆಯಲ್ಲಿ ಆದದ್ದು ಹೀಗೆಯೇ. ಒಂಬತ್ತು ವಿಷಯಗಳಲ್ಲಿ ಎ ಪ್ಲಸ್. ಯಾರೋ ಹೇಳಿದರೆಂದು ಮೂರೇ ಶಾಲೆಗಳ ಹೆಸರು ಬರೆದರು, ಮೂರೂ ಸಯನ್ಸ್. ಸಿಗಲಿಲ್ಲ. ಇನ್ನೂ ನಾಲ್ಕು ಹೆಸರು ಕೆಳಗೆ ಬರೆದಿದ್ದರೆ ಸಿಗುತ್ತಿತ್ತೋ ಏನೋ. ನವೀಕರಿಸಬೇಕೆಂಬುದು ತಿಳಿದದ್ದು ಗಡು ಕಳೆದ ಮೇಲೆ. ಕೊನೆಗೆ ತಾಯಿಯ ಬಳೆ ಅಡವಿಟ್ಟು ಮಂಗಳೂರಿನಲ್ಲಿ ಪಿ.ಯು.ಸಿ.ಗೆ ಸೇರಿಸಿದರು. ಬೆಳಿಗ್ಗೆ ರೈಲು, ಸಂಜೆ ರೈಲು. ಹುಡುಗ ಚೆನ್ನಾಗಿಯೇ ಓದುತ್ತಿದ್ದಾನೆ, ಆದರೆ ಬಳೆ ಇನ್ನೂ ಬಿಡಿಸಿಕೊಂಡಿಲ್ಲ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಫಲಿತಾಂಶ ಬಂದ ದಿನ ಬೆನ್ನು ತಟ್ಟಿ ಕಳುಹಿಸಿದೆವೇ ಹೊರತು ಅರ್ಜಿ ತೋರಿಸು ಎನ್ನಲಿಲ್ಲ.

ಮಂಗಳೂರು ಇದೆಯಲ್ಲ ಎಂಬ ಧೈರ್ಯ ನಮ್ಮಲ್ಲಿ ಹಲವರಿಗೆ ಇದೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆ ಧೈರ್ಯದ ಬೆಲೆ ತಿಳಿಯಿತು. ಆಚೆ ಓದುತ್ತಿದ್ದ ನಮ್ಮ ಮಕ್ಕಳು ಪರೀಕ್ಷೆ ಬರೆಯಲು ಹೋಗುವುದೂ ಒಂದು ವಿಶೇಷ ಏರ್ಪಾಡಿನ ವಿಷಯವಾಯಿತು. ಕರ್ನಾಟಕ ನಮ್ಮನ್ನು ಪೂರ್ತಿ ಮರೆತಿಲ್ಲವೆಂಬುದೂ ನಿಜ. ಅಲ್ಲಿನ ವೃತ್ತಿಶಿಕ್ಷಣದ ಪ್ರವೇಶ ನಿಯಮಗಳಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಗಡಿನಾಡ ಕನ್ನಡಿಗರಿಗೆಂದು ಒಂದು ಕಲಮು ಇದೆ. ಅದರ ಫಲ ಬೇಕಾದರೆ ಕನ್ನಡ ಭಾಷಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ನಾಲ್ಕನೆಯ ತರಗತಿಯಲ್ಲಿ ಕನ್ನಡ ಬಿಡಿಸಿದ ಮಗು ಹನ್ನೆರಡರ ಅನಂತರ ಆ ಪರೀಕ್ಷೆಗೆ ಯಾವ ಪುಸ್ತಕ ಹಿಡಿದು ಕೂರಬೇಕು ಎಂಬುದನ್ನು ಆಗಲೇ ಯೋಚಿಸಿದವರನ್ನು ನಾವು ಕಂಡಿಲ್ಲ.

ಆದುದರಿಂದ ಮಾಡಬೇಕಾದ ಕೆಲಸ ಊರಿನಲ್ಲೇ ಇದೆ. ಮಂಜೇಶ್ವರ ತಾಲೂಕು ಕಚೇರಿ ಉಪ್ಪಳದಲ್ಲೇ ಇದೆ, ಪ್ರಮಾಣಪತ್ರಗಳನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಕಾದ ಕಾರಣವಿಲ್ಲ. ಶಾಲೆಗಳಲ್ಲಿ ಪ್ಲಸ್ ವನ್ ಅರ್ಜಿಗೆ ಸಹಾಯ ಕೇಂದ್ರ ತೆರೆದಾಗ ಅಲ್ಲಿ ಕನ್ನಡದಲ್ಲಿ ವಿವರಿಸುವ ಒಬ್ಬರಾದರೂ ಇರಬೇಕೆಂದು ಅಧ್ಯಾಪಕ-ರಕ್ಷಕ ಸಂಘಗಳು ಪಟ್ಟು ಹಿಡಿಯಬೇಕು. ನಮ್ಮ ಹಳೆ ವಿದ್ಯಾರ್ಥಿಗಳಿಗೆ ಇದು ನಾಲ್ಕು ದಿನದ ಕೆಲಸ. ಸಯನ್ಸ್ ಬ್ಯಾಚಿಗಾಗಿ ಮನವಿ ಕೊಡುವುದಾದರೆ ಅದು ಜನವರಿಯಲ್ಲಿ ಹೋಗಬೇಕು, ಜುಲೈಯಲ್ಲಿ ಅಲ್ಲ. ಮನವಿಯೊಂದಿಗೆ ನಮ್ಮ ಶಾಲೆಗಳಿಂದ ಪಾಸಾಗುವ ಮಕ್ಕಳ ಸಂಖ್ಯೆಯನ್ನೂ ಬರೆದು ಕೊಡಬೇಕು, ಬರೇ ಕನ್ನಡಿಗರಿಗೆ ಅನ್ಯಾಯವೆಂದು ಬರೆದರೆ ಕಡತದೊಳಗೆ ಮಲಗುತ್ತದೆ.

ರಿಕ್ಷಾದವರಿಗೆ ಅಂದು ಇದನ್ನೆಲ್ಲ ಹೇಳಲಿಲ್ಲ. ನವೋದಯಕ್ಕೆ ಖಂಡಿತ ಬರೆಸಿ, ಕನ್ನಡದಲ್ಲೇ ಬರೆಸಿ, ಹಳೆ ಪ್ರಶ್ನೆಪತ್ರಿಕೆ ನಾವು ಕೊಡುತ್ತೇವೆ ಎಂದೆವು. ಪತ್ರಿಕೆಯ ಮೊದಲ ಪುಟದ ಚಿತ್ರಗಳನ್ನು ನೋಡಿ, "ಇದು ನನಗೂ ಆಗುತ್ತದಲ್ಲ" ಎಂದು ನಕ್ಕರು. ಆದರೆ ಮನೆಯಲ್ಲಿ ಒಪ್ಪಬೇಕಲ್ಲ ಮಾಷ್ಟ್ರೇ ಎಂದೂ ಹೇಳಿ ಹೋದರು. ಜೂನಿನಲ್ಲಿ ಅವರ ಮಗಳು ಯಾವ ಕೋಣೆಯಲ್ಲಿ ಕುಳಿತಿದ್ದಾಳೆಂದು ಆರನೆಯ ದಿನದ ಎಣಿಕೆಗೆ ಮೊದಲು ನಾವು ಹೋಗಿ ನೋಡಿದೆವು. ಕನ್ನಡದ ಕೋಣೆಯಲ್ಲಿದ್ದಳು. ಅವಳ ಪಕ್ಕದ ಬೆಂಚು ಖಾಲಿಯಿತ್ತು.