ಹೊಗೆಸೊಪ್ಪಿನ ಸೀಮೆಯಲ್ಲಿ ಕ್ಯಾನ್ಸರ್ ಮಾತು

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ ಕ್ಯಾನ್ಸರ್ ತಡೆಯ ಬಗ್ಗೆ ಮಾತನಾಡಲು ಹೊರಟ ಆರೋಗ್ಯ ಕಾರ್ಯಕರ್ತೆಗೆ ಬೇರೆ ಕಡೆ ಇಲ್ಲದ ತೊಡಕೊಂದು ಎದುರಾಗುತ್ತದೆ. ಅವಳು ಕುಳಿತು ಮಾತನಾಡುವ ಜಗಲಿಯಿಂದ ನಾಲ್ಕು ಹೆಜ್ಜೆ ದೂರದಲ್ಲೇ ತಂಬಾಕು ಬೇಯಿಸುವ ಬ್ಯಾರನ್ ಇರುತ್ತದೆ. ಆ ಮನೆಯ ಸೊಸೈಟಿ ಸಾಲ, ಮಗಳ ಮದುವೆ, ಮಗನ ಕಾಲೇಜು ಶುಲ್ಕ ಎಲ್ಲವೂ ಹರಾಜು ಮಾರುಕಟ್ಟೆಯಲ್ಲಿ ಆ ವರ್ಷ ಸಿಗುವ ದರವನ್ನು ನಂಬಿಕೊಂಡಿರುತ್ತವೆ. ಎಷ್ಟೋ ಸಲ ಅವಳ ಸ್ವಂತ ಮನೆಯ ಕಥೆಯೂ ಇದೇ. ಕಾವೇರಿ ನಾಲೆಯ ಭತ್ತ ಬೆಳೆಯುವ ಕೆ.ಆರ್. ನಗರದಲ್ಲಿ ಈ ಇಕ್ಕಟ್ಟು ಸ್ವಲ್ಪ ಕಡಿಮೆ, ಆದರೆ ಅಲ್ಲಿಯೂ ಕಡ್ಡಿಪುಡಿ ತಿಕ್ಕುವ ಅಂಗೈಗಳಿಗೆ ಕೊರತೆಯಿಲ್ಲ. ಇಂಥಲ್ಲಿ 'ತಂಬಾಕು ಕೊಲ್ಲುತ್ತದೆ' ಎಂದು ಭಿತ್ತಿಪತ್ರ ಓದಿ ಹೇಳಿದರೆ ಕೇಳುವವರು ಎದ್ದು ಹೋಗುತ್ತಾರೆ, ಇಲ್ಲವೇ ಮರ್ಯಾದೆಗೆ ತಲೆಯಾಡಿಸುತ್ತಾರೆ. ಎರಡರಿಂದಲೂ ಪ್ರಯೋಜನವಿಲ್ಲ.

ಹಾಗಾದರೆ ಅವಳು ಹೇಗೆ ಮಾತನಾಡಬೇಕು, ಅದನ್ನು ಅವಳಿಗೆ ಕಲಿಸುವವರು ಯಾರು? ನಮ್ಮ ಆರೋಗ್ಯ ವ್ಯವಸ್ಥೆ ಈ ಪ್ರಶ್ನೆಗೆ ಕೊಡುತ್ತ ಬಂದಿರುವ ಉತ್ತರ ತಾಲ್ಲೂಕು ಕೇಂದ್ರದ ಸಭಾಂಗಣದಲ್ಲಿ ಒಂದೆರಡು ದಿನದ ತರಬೇತಿ, ಒಂದು ಕೈಪಿಡಿ, ಮಧ್ಯಾಹ್ನದ ಊಟ ಮತ್ತು ಹಾಜರಿ ಪುಸ್ತಕದಲ್ಲಿ ಸಹಿ. ಈ ಉತ್ತರ ಸಾಲದು ಎಂಬುದು ನನ್ನ ವಾದ. ಕ್ಯಾನ್ಸರ್ ತಡೆಯ ಮಾತುಗಾರಿಕೆ ಕೇಳಿ ಕಲಿಯುವ ಪಾಠವಲ್ಲ, ಬಲ್ಲವರ ಪಕ್ಕದಲ್ಲಿದ್ದು ಮಾಡಿ ಕಲಿಯುವ ಕೆಲಸ. ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾರನ್ನಿನ ಕಾವು ಯಾವಾಗ ಏರಿಸಬೇಕು, ಎಲೆಯ ಬಣ್ಣ ಯಾವ ಹಂತಕ್ಕೆ ಬಂದಾಗ ಗಾಳಿಕಿಂಡಿ ತೆರೆಯಬೇಕು ಎಂಬುದನ್ನು ಯಾರೂ ಪುಸ್ತಕ ಓದಿ ಕಲಿತವರಲ್ಲ. ಹಿರಿಯರೊಬ್ಬರ ಜೊತೆ ರಾತ್ರಿಯಿಡೀ ನಿದ್ದೆಗೆಟ್ಟು ಕಲಿತವರು.

ಮಾಹಿತಿ ತಲುಪಿದರೆ ಸಾಕು, ಜನ ತಾವಾಗಿಯೇ ಬದಲಾಗುತ್ತಾರೆ ಎಂಬ ನಂಬಿಕೆ ಬಹಳ ಹಳೆಯದು. ಆದರೆ ಮಾಹಿತಿ ಈಗಾಗಲೇ ತಲುಪಿದೆ. ತಂಬಾಕು ಪೊಟ್ಟಣದ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮ 2016ರಿಂದ ಜಾರಿಯಲ್ಲಿದೆ. ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ಅದನ್ನು ರದ್ದುಪಡಿಸಿತು, ಸುಪ್ರೀಂ ಕೋರ್ಟ್ ಮುಂದಿನ ತಿಂಗಳೇ ಆ ಆದೇಶಕ್ಕೆ ತಡೆ ನೀಡಿ ಚಿತ್ರವನ್ನು ಉಳಿಸಿತು. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಇಷ್ಟಾದ ಮೇಲೂ 2016-17ರ ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಿದ್ದರು, ಅವರಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು. ತಪಾಸಣೆಯ ಸ್ಥಿತಿ ಇನ್ನೂ ಕೆಟ್ಟದು. 30 ದಾಟಿದ ಪ್ರತಿಯೊಬ್ಬರನ್ನೂ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿಗಾಗಿ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ, ದೇಶದ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಗರ್ಭಕಂಠದ ಪರೀಕ್ಷೆ ಒಮ್ಮೆಯಾದರೂ ಮಾಡಿಸಿಕೊಂಡವರು ಶೇ 1.9 ಮಾತ್ರ.

ಈ ಕೊರತೆಗೆ ಕಾರಣ ಹೆಂಗಸರ ಅಜ್ಞಾನ ಎಂದು ತೀರ್ಮಾನಿಸಿಬಿಡುವುದು ಸುಲಭ. ಆದರೆ ಅವರು ಕೇಳುವ ಪ್ರಶ್ನೆಗಳನ್ನು ಗಮನಿಸಬೇಕು. "ನಂಗೇನಾಗಿದೆ ಅಕ್ಕ, ಗಟ್ಟಿಮುಟ್ಟಾಗೇ ಇದೀನಲ್ಲ" ಎನ್ನುತ್ತಾಳೆ ಒಬ್ಬಳು. "ಅಲ್ಲಿ ಗಂಡಸು ಡಾಕ್ಟ್ರು ಇದ್ರೆ?" ಎಂಬುದು ಇನ್ನೊಬ್ಬಳ ಅಳುಕು. "ಇದೆ ಅಂತ ಗೊತ್ತಾದ್ರೆ ಆಮೇಲೆ ಏನ್ಮಾಡೋದವ್ವ, ಯಾರು ನೋಡ್ಕೋತಾರೆ?" ಎಂದು ಕೇಳುವವಳು ಮೂರನೆಯವಳು. ಇವು ತಿಳಿಯದವರ ಮಾತುಗಳಲ್ಲ, ಬಾಳುವೆಯನ್ನು ಲೆಕ್ಕ ಹಾಕಿ ನೋಡಿದವರ ಮಾತುಗಳು. ಕೈಪಿಡಿಯಲ್ಲಿ ರೋಗದ ಲಕ್ಷಣಗಳ ಪಟ್ಟಿ ಇರುತ್ತದೆ, ಈ ಮೂರು ಪ್ರಶ್ನೆಗಳಿಗೆ ಉತ್ತರ ಇರುವುದಿಲ್ಲ.

ಗರ್ಭಕಂಠದ ಕ್ಯಾನ್ಸರಿನ ಮಾತಂತೂ ತೀರ ನಾಜೂಕಿನದು. ಅದಕ್ಕೆ ಕಾರಣವಾದ ಎಚ್‌ಪಿವಿ ವೈರಾಣು ದೈಹಿಕ ಸಂಪರ್ಕದಿಂದ ಹರಡುತ್ತದೆ ಎಂದು ಕಾರ್ಯಕರ್ತೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರೆ ಆ ಮನೆಯಲ್ಲಿ ಅನುಮಾನದ ಕಿಡಿ ಬೀಳುತ್ತದೆ. ಗಂಡನ ಮೇಲೆ ಹೆಂಡತಿಗೆ ಅನುಮಾನ, ಅದಕ್ಕಿಂತ ಹೆಚ್ಚಾಗಿ ಹೆಂಡತಿಯ ಮೇಲೆ ಅತ್ತೆಗೆ ಅನುಮಾನ. ಹಾಗೆಂದು ಮುಚ್ಚಿಟ್ಟರೂ ತಪ್ಪೇ. ಈ ಸೋಂಕು ಸಂಸಾರವಂತರಲ್ಲಿ ಬಹು ಸಾಮಾನ್ಯ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ, ಯಾವಾಗ ಬಂತು, ಯಾರಿಂದ ಬಂತು ಎಂದು ಯಾರೂ ಹೇಳಲಾಗದು, ಉಳಿದುಕೊಂಡವರಲ್ಲಿ ಮಾತ್ರ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ಆಗಬಹುದು, ಅಷ್ಟರೊಳಗೆ ಕಂಡುಹಿಡಿದರೆ ತಡೆಯಬಹುದು. ಇಷ್ಟನ್ನೂ ಈ ಕ್ರಮದಲ್ಲಿ, ಅವಸರವಿಲ್ಲದೆ, ಪಕ್ಕದಲ್ಲಿ ಅತ್ತೆ ಕೂತಿದ್ದಾಗಲೂ ಹೇಳಲು ಬರಬೇಕು. ಬಾಯಿ ನೋಡುವಾಗ ಕೆನ್ನೆಯೊಳಗೆ ಬಿಳಿ ಮಚ್ಚೆ ಕಂಡರೆ 'ಕ್ಯಾನ್ಸರ್ ಇರಬಹುದು' ಎಂದು ಗಾಬರಿ ಹುಟ್ಟಿಸದೆ, 'ಏನಿಲ್ಲ ಬಿಡಿ' ಎಂದು ತೇಲಿಸದೆ, ಡಾಕ್ಟರ ಬಳಿಗೆ ಕರೆದೊಯ್ಯುವಂತೆ ಮಾತನಾಡಲೂ ಬರಬೇಕು. ಇನ್ನು ಎಲೆಅಡಿಕೆ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಮದುವೆಯಿಂದ ತಿಥಿಯವರೆಗೆ ತಾಂಬೂಲವಿಲ್ಲದೆ ಯಾವುದೂ ನಡೆಯದ ನಾಡಿನಲ್ಲಿ, ಮನೆಯ ಅಜ್ಜಿಗೆ ಇದನ್ನು ಅವಮಾನವಾಗದಂತೆ ಹೇಳಬೇಕು.

ಇಲ್ಲಿಯೇ ಮಾರ್ಗದರ್ಶಿ ಬೇಕಾಗುವುದು. ಅವಳು ಕಿರಿಯಳ ಜೊತೆ ಮನೆಮನೆಗೆ ಹೋಗುತ್ತಾಳೆ. ಮಾತಿನ ನಡುವೆ ಬಾಯಿ ಹಾಕುವುದಿಲ್ಲ. ವಾಪಸು ಬರುವ ದಾರಿಯಲ್ಲಿ, "ಆ ಹೆಣ್ಣುಮಗಳು ಗಂಡನ ಮುಖ ನೋಡಿದಾಗ ನೀನು ಯಾಕೆ ಮಾತು ನಿಲ್ಲಿಸಲಿಲ್ಲ?" ಎಂದು ಕೇಳುತ್ತಾಳೆ. ಮುಂದಿನ ಮನೆಯಲ್ಲಿ ತಾನೇ ಮಾತನಾಡಿ ತೋರಿಸುತ್ತಾಳೆ. ತಿಂಗಳು ಬಿಟ್ಟು ಮತ್ತೆ ಬರುತ್ತಾಳೆ. ತರಬೇತಿ ಕೊಟ್ಟವರು ಮತ್ತೆ ಬರುವುದಿಲ್ಲ, ಎಲ್ಲ ವ್ಯತ್ಯಾಸ ಇರುವುದು ಇಲ್ಲಿ.

ಇದು ಬರೀ ಆಸೆಯ ಮಾತಲ್ಲ, ನಮ್ಮ ರಾಜ್ಯದಲ್ಲೇ ಪರೀಕ್ಷೆಗೆ ಒಳಗಾದ ಸಂಗತಿ. ದಶಕದ ಹಿಂದೆ 'ಸುಕ್ಷೇಮ' ಯೋಜನೆಯಡಿ ಬಳ್ಳಾರಿ, ಗುಲ್ಬರ್ಗ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಹೆರಿಗೆಯ ಬಗ್ಗೆ ತರಬೇತಿ ಕೊಟ್ಟು, ಅವುಗಳಲ್ಲಿ ಅರ್ಧಕ್ಕೆ ಮಾತ್ರ ಅನುಭವಿ ನರ್ಸ್ ಮಾರ್ಗದರ್ಶಿಯರನ್ನು ಮತ್ತೆಮತ್ತೆ ಕಳಿಸಲಾಯಿತು. ಜೊತೆಗೆ ನಿಂತು ಕಲಿಸಿದ ಕೇಂದ್ರಗಳ ನರ್ಸ್‌ಗಳು ತೊಡಕಿನ ಹೆರಿಗೆ ನಿಭಾಯಿಸುವ ತಿಳಿವಳಿಕೆಯಲ್ಲೂ ಸಿದ್ಧತೆಯಲ್ಲೂ ಮುಂದಿದ್ದರು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಕೊಳೆಗೇರಿಗಳಲ್ಲಿ ಆರಂಭಿಸಿದ ಅಧ್ಯಯನವೂ ನೆನಪಿಡುವಂಥದ್ದು. ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳು ಅಸಿಟಿಕ್ ಆಮ್ಲ ಹಚ್ಚಿ ಗರ್ಭಕಂಠ ಪರೀಕ್ಷಿಸಲು ಕಲಿತರು. ಅವರು ಹೋದ ಬಡಾವಣೆಗಳಲ್ಲಿ 12 ವರ್ಷಗಳ ಬಳಿಕ ಆ ಕ್ಯಾನ್ಸರಿನ ಸಾವು ಶೇ 31ರಷ್ಟು ಕಡಿಮೆಯಾಗಿತ್ತು. ದೊಡ್ಡ ಯಂತ್ರ ಯಾವುದೂ ಇರಲಿಲ್ಲ. ಚೆನ್ನಾಗಿ ಕಲಿತ, ಬೆನ್ನಿಗೆ ಕಲಿಸಿದವರಿದ್ದ ಹೆಣ್ಣುಮಕ್ಕಳಿದ್ದರು.

ಆಶಾ ಕಾರ್ಯಕರ್ತೆಯರ ಹೆಗಲ ಮೇಲೆ ಈಗಾಗಲೇ ಹೊರಲಾರದಷ್ಟು ಹೊರೆ ಇದೆ, ಇದನ್ನೂ ಹೇರಬೇಕೆ ಎಂಬ ಆಕ್ಷೇಪ ನ್ಯಾಯವಾದದ್ದು. ಗೌರವಧನದ ಮೇಲೆ ದುಡಿಯುವವರಿಂದ ಗರ್ಭಿಣಿಯರ ಪಟ್ಟಿ, ಲಸಿಕೆ, ಕ್ಷಯ, ಸಮೀಕ್ಷೆ ಎಲ್ಲ ಮಾಡಿಸುತ್ತೇವೆ. ಆದರೆ ಹೊರೆ ಹೆಚ್ಚಾಗಿರುವುದು ಮಾತಿನಿಂದಲ್ಲ, ಫಾರಂಗಳಿಂದ. ತುಂಬಿದ ಫಾರಂ ಎಣಿಕೆಗೆ ಬರುತ್ತದೆ, ಅರ್ಧ ಗಂಟೆ ಕುಳಿತು ಒಬ್ಬ ಹೆಂಗಸಿನ ಭಯ ಕಳೆದದ್ದು ಎಲ್ಲಿಯೂ ದಾಖಲಾಗುವುದಿಲ್ಲ. ಒಳ್ಳೆಯ ಮಾರ್ಗದರ್ಶಿ ಕೆಲಸ ಹೆಚ್ಚಿಸುವವಳಲ್ಲ, ಒಂಟಿಯಾಗಿ ಮಾಡುತ್ತಿದ್ದ ಕೆಲಸಕ್ಕೆ ಜೊತೆಯಾಗುವವಳು. ಹಾಗೆಂದು ತಪ್ಪು ಹುಡುಕಿ ಮೇಲಿನವರಿಗೆ ವರದಿ ಮಾಡುವವಳನ್ನು ಮಾರ್ಗದರ್ಶಿ ಎಂದು ಕಳಿಸಿದರೆ ಎಲ್ಲ ಕೆಡುತ್ತದೆ. ಮೇಲ್ವಿಚಾರಣೆ ಬೇರೆ, ಜೊತೆಗಾರಿಕೆ ಬೇರೆ.

ತಂಬಾಕು ಬೆಳೆಯುವ ಮನೆಯಲ್ಲಿ ಮಾತು ಎಲ್ಲಿಂದ ಶುರುವಾಗಬೇಕು ಎಂಬುದನ್ನೂ ಅನುಭವಸ್ಥರೇ ಹೇಳಿಕೊಡಬಲ್ಲರು. ಇಲ್ಲಿ ತಂಬಾಕು ಮಂಡಳಿಯ ಲೈಸೆನ್ಸಿನಡಿ ಬೆಳೆಯುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ ಎಲೆ. ಊರಿನವರು ಜಗಿಯುವ ಕಡ್ಡಿಪುಡಿ ಹೆಚ್ಚಾಗಿ ಅಂಗಡಿಯಿಂದ ಬಂದದ್ದು. ಹಾಗಾಗಿ ಬೆಳೆಯ ಮಾತನ್ನು ಬದಿಗಿಟ್ಟು ಬಾಯಿಯ ಮಾತನ್ನು ಆಡಲು ಸಾಧ್ಯವಿದೆ. ಮಳೆಗೆ ನೆನೆದ ಹಸಿ ಎಲೆ ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕ ಒಳಗಿಳಿದು ತಲೆಸುತ್ತು, ವಾಂತಿ ಬರುತ್ತದೆ. ಎಲೆ ಮುರಿದು ಕಡ್ಡಿಗೆ ಕಟ್ಟುವ ಹೆಂಗಸರಿಗೆ ಈ ಸಂಕಟ ಗೊತ್ತು. ಅಲ್ಲಿಂದ ಮಾತು ಶುರುಮಾಡಿದವಳು ಅವರ ಬೆಳೆಯ ವೈರಿಯಾಗಿ ಕಾಣುವುದಿಲ್ಲ, ಆರೋಗ್ಯ ವಿಚಾರಿಸಲು ಬಂದವಳಾಗಿ ಕಾಣುತ್ತಾಳೆ. ಬದಲಿ ಬೆಳೆ ಕೊಡಿಸುವುದು ಅವಳ ಕೈಯಲ್ಲಿಲ್ಲ, ಅದು ಸರ್ಕಾರದ ಹೊಣೆ. ಹಾಗೆಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆಯನ್ನೂ ಅವಳಿಗೆ ಕಲಿಸಬೇಕು.

ಆದಿವಾಸಿಗಳ ಹಾಡಿಗಳಲ್ಲಿ ಕಲಿಕೆಯ ದಿಕ್ಕೇ ತಿರುಗಬೇಕಾಗುತ್ತದೆ. 1984ರಲ್ಲಿ ಹುಟ್ಟಿದ ಸ್ವಾಮಿ ವಿವೇಕಾನಂದ ಯುವ ಆಂದೋಲನ ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಜನರ ನಡುವೆ ಆಸ್ಪತ್ರೆ ಕಟ್ಟಿ ದಶಕಗಳ ಕಾಲ ಅಲ್ಲೇ ಉಳಿಯಿತು. ಹಾಡಿಯವರ ವಿಶ್ವಾಸ ದೊರೆಯುವುದು ಹಾಗೆ ಉಳಿದವರಿಗೆ. ಅಲ್ಲಿ ಹಾಡಿಯ ಹೆಣ್ಣುಮಗಳೇ ಡಾಕ್ಟರಿಗೆ ಮಾರ್ಗದರ್ಶಿಯಾಗಬೇಕು: ಯಾವ ಹೊತ್ತಿಗೆ ಹೋಗಬೇಕು, ಯಾರ ಮುಂದೆ ಏನು ಆಡಬಾರದು ಎಂಬುದು ಅವಳಿಗೆ ಗೊತ್ತು. ಹೆಂಗಸರು ಮನೆಯಲ್ಲಿ ತಾವೇ ಮಾದರಿ ತೆಗೆದುಕೊಡುವ ಎಚ್‌ಪಿವಿ ಪರೀಕ್ಷೆಯ ಬಗ್ಗೆ ಮೈಸೂರು ಗ್ರಾಮಾಂತರದಲ್ಲಿ ಅಧ್ಯಯನಗಳು ನಡೆದಿವೆ. ಸಂಕೋಚದ ತಡೆ ಇದರಿಂದ ಬಹಳಷ್ಟು ಕಡಿಮೆಯಾಗುತ್ತದೆ, ಆದರೆ ಮಾದರಿ ತೆಗೆಯುವ ಬಗೆಯನ್ನು ಹೇಳಿಕೊಡಲೂ ಅವರ ನುಡಿಯ ಒಬ್ಬ ಹೆಂಗಸೇ ಬೇಕು.

ಮಾತಿಗೂ ಮಿತಿಯಿದೆ. ಡಿ.ಬಿ. ಕುಪ್ಪೆಯಂಥ ಊರಿನಿಂದ ಮೈಸೂರಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಅನುಮಾನ ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಮುಂದಿನ ಪರೀಕ್ಷೆ ಆಗದಿದ್ದರೆ ಕಾರ್ಯಕರ್ತೆಯ ಮಾತು ಎರಡನೆಯ ಸಲ ಯಾರಿಗೂ ಬೇಡವಾಗುತ್ತದೆ.

ಜಿಲ್ಲಾ ಆರೋಗ್ಯ ಇಲಾಖೆಗೆ ನನ್ನ ವಿನಂತಿ ಇಷ್ಟೇ. ನಾಲ್ಕೂ ತಾಲ್ಲೂಕುಗಳ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಜನ ನಂಬುವ ಹಿರಿಯ ನರ್ಸ್ ಒಬ್ಬರನ್ನೋ ಆಶಾ ಸುಗಮಕಾರಿಯೊಬ್ಬರನ್ನೋ ಗುರುತಿಸಿ, ವಾರದಲ್ಲಿ ಒಂದು ದಿನವಾದರೂ ಫಾರಂ ಕೆಲಸದಿಂದ ಬಿಡಿಸಿ, ಆ ದಿನಕ್ಕೆ ಸರಿಯಾದ ಸಂಬಳ ಕೊಟ್ಟು, ಕಿರಿಯರ ಜೊತೆ ಹಳ್ಳಿಗೆ ಕಳಿಸಿ. ನಾಟಿಯ, ಬ್ಯಾರನ್ನಿನ ತಿಂಗಳುಗಳಲ್ಲಿ ಕ್ಯಾಂಪ್ ಹಾಕಿ ಜನ ಬರಲಿಲ್ಲ ಎಂದು ದೂರಬೇಡಿ. ಹರಾಜು ಮುಗಿದು ಮುಂದಿನ ಸಸಿಮಡಿಗೆ ಮೊದಲು ಸಿಗುವ ಬಿಡುವಿನಲ್ಲಿ ಹೋಗಿ, ಹೋದವರು ಮುಂದಿನ ವರ್ಷವೂ ಅದೇ ಮನೆಗಳಿಗೆ ಹೋಗುವಂತೆ ನೋಡಿಕೊಳ್ಳಿ.